ಬೆಳಕು ಎಲ್ಲಿ ಹೋಯಿತು ಅಂತ ಕೇಳಿ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಬಿಸಿಲು, ಊಟ ಆದ ಹೊತ್ತು, ಆದರೂ ಹಾಲ್ ತುಂಬಿದೆ. ತುಂಬಾ ಖುಷಿಯಾಯಿತು.

ಬೆಳಿಗ್ಗೆ ನಿಮ್ಮ ಪ್ರಾಜೆಕ್ಟ್ ಪೋಸ್ಟರ್‌ಗಳನ್ನೆಲ್ಲ ನೋಡಿಕೊಂಡು ಬಂದೆ. ಬೈಕಿನ ಟೈಲ್ ಲ್ಯಾಂಪ್, ಕಾರಿನ ಹಗಲು ದೀಪ, ಡ್ಯಾಶ್‌ಬೋರ್ಡಿನ ಇಂಡಿಕೇಟರ್, ಎಲ್ಲದರಲ್ಲೂ ಲೈಟ್ ಗೈಡ್ ಇದೆ, ಅಂದರೆ ಎಲ್‌ಇಡಿಯ ಬೆಳಕನ್ನು ಒಳಗೇ ಸಾಗಿಸಿ ಬೇಕಾದ ಕಡೆ ಹೊರಗೆ ಬಿಡುವ ಪಾರದರ್ಶಕ ಪ್ಲಾಸ್ಟಿಕ್ ಸರಳು. ಚಿತ್ರಗಳು ಬಹಳ ಚೆನ್ನಾಗಿವೆ. ಬಣ್ಣಬಣ್ಣದ ಕಿರಣಗಳು ಪ್ಲಾಸ್ಟಿಕ್ ಸರಳಿನೊಳಗೆ ಓಡುತ್ತವೆ, ಪ್ರಿಸಂಗೆ, ಅಂದರೆ ಸರಳಿನ ಹಿಂಬದಿಯಲ್ಲಿ ಕೊರೆದ ಸಣ್ಣ ಓರೆ ಕಚ್ಚಿಗೆ, ಬಡಿದು ಮುಂದಕ್ಕೆ ಬರುತ್ತವೆ. ನಾನು ಎಲ್ಲ ಕಡೆ ಒಂದೇ ಪ್ರಶ್ನೆ ಕೇಳಿದೆ. ಎಲ್‌ಇಡಿಯಿಂದ 100 ಲ್ಯೂಮೆನ್ (ಬೆಳಕಿನ ಅಳತೆ) ಹೊರಟರೆ ಮುಂದಕ್ಕೆ ಬಂದದ್ದು ಎಷ್ಟು, ಉಳಿದದ್ದು ಎಲ್ಲಿ ಹೋಯಿತು? ಮೊದಲ ಅರ್ಧಕ್ಕೆ ಎಲ್ಲರೂ ಉತ್ತರ ಕೊಟ್ಟರು. ಇವತ್ತಿನ ಮಾತು ಎರಡನೇ ಅರ್ಧದ ಬಗ್ಗೆ.

ಮೂಲ ವಿಷಯ ನಿಮಗೆ ಗೊತ್ತೇ ಇದೆ, ಬೇಗ ಹೇಳಿ ಮುಗಿಸುತ್ತೇನೆ. ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ, 1.49; ಅದರ ಕ್ರಿಟಿಕಲ್ ಆಂಗಲ್ 42.2 ಡಿಗ್ರಿ. ಮೇಲ್ಮೈಗೆ ಲಂಬವಾದ ಗೆರೆಯಿಂದ ಅಳೆದು ಇದಕ್ಕಿಂತ ಹೆಚ್ಚಿನ ಕೋನದಲ್ಲಿ ಒಳಗಿನಿಂದ ಬಡಿದ ಬೆಳಕು ಹೊರಗೆ ಹೋಗದೆ ಪೂರ್ತಿ ಒಳಗೇ ಪ್ರತಿಫಲಿಸುತ್ತದೆ. ಚಪ್ಪಟೆ ತುದಿಯಿಂದ ಒಳಗೆ ಬಂದ ಬೆಳಕು ಎಷ್ಟೇ ಓರೆಯಾಗಿ ಬಂದಿರಲಿ, ಒಳಗೆ ಅಕ್ಷದಿಂದ, ಅಂದರೆ ಸರಳಿನ ಉದ್ದದ ನಡುಗೆರೆಯಿಂದ, 42.2 ಡಿಗ್ರಿಗಿಂತ ಹೆಚ್ಚು ವಾಲುವುದಿಲ್ಲ. ಅಂದರೆ ಪಕ್ಕದ ಗೋಡೆಗೆ ಕಡಿಮೆ ಅಂದರೂ 47.8 ಡಿಗ್ರಿಯಲ್ಲಿ ಬಡಿಯುತ್ತದೆ. ಆದ್ದರಿಂದ ನೇರ ಸರಳಿನಲ್ಲಿ ಒಳಗೆ ಬಂದದ್ದೆಲ್ಲ ಒಳಗೇ ಉಳಿಯುತ್ತದೆ. ಒಳಗೆ ಬರುವಾಗ ಕಡಿಮೆ ಅಂದರೂ ಶೇ. 4ರಷ್ಟು ವಾಪಸ್ ಹೋಯಿತು, ಅದನ್ನು ಬರೆದಿಟ್ಟುಕೊಳ್ಳಿ. ಲೆಕ್ಕ ಅಲ್ಲಿಂದ ಶುರು.

ಈಗ ನನಗೆ ಬಹಳ ಇಷ್ಟವಾದ ಒಂದು ಕಥೆ ಹೇಳಲೇಬೇಕು. 1841, ಜಿನೀವಾ. ಡೇನಿಯಲ್ ಕೊಲಾಡನ್ ಅಂತ ಒಬ್ಬ ಮೇಷ್ಟ್ರು. ಇವನೇ 1826ರಲ್ಲಿ ಗಣಿತಜ್ಞ ಸ್ಟರ್ಮ್ ಜೊತೆ ಸೇರಿ ಜಿನೀವಾ ಸರೋವರದ ನೀರಿನಲ್ಲಿ ಶಬ್ದದ ವೇಗ ಅಳೆದವನು. ಒಂದು ದೋಣಿಯಿಂದ ನೀರೊಳಗೆ ಗಂಟೆ ಬಾರಿಸುವುದು, ದೂರದ ಇನ್ನೊಂದು ದೋಣಿಯಲ್ಲಿ ಕೊಳವೆಗೆ ಕಿವಿಯಿಟ್ಟು ಕೇಳುವುದು. ಸೆಕೆಂಡಿಗೆ 1435 ಮೀಟರ್ ಅಂತ ಬಂತು. ಅದು ಬೇರೆ ಕಥೆ, ಇರಲಿ. ಜಿನೀವಾದಲ್ಲಿ ಅವನು ಮಾಡುತ್ತಿದ್ದದ್ದು ನೀರಿನ ಪಾಠ. ತೊಟ್ಟಿಯ ತೂತಿನಿಂದ ಚಿಮ್ಮುವ ನೀರಿನ ಧಾರೆ ಹೇಗೆ ಬಾಗುತ್ತದೆ, ಎಲ್ಲಿ ಒಡೆಯುತ್ತದೆ ಅಂತ ತೋರಿಸಬೇಕಿತ್ತು. ಸಭೆಯಲ್ಲಿ ಕೂತವರಿಗೆ ಸರಿಯಾಗಿ ಕಾಣಿಸುತ್ತಿರಲಿಲ್ಲ. ಅವನು ಹೊರಗಿನ ಬಿಸಿಲನ್ನು ಕೊಳವೆಯಲ್ಲಿ ಒಳಗೆ ತಂದು, ಲೆನ್ಸ್ ಇಟ್ಟು, ತೊಟ್ಟಿಯ ನೀರಿನ ಮೂಲಕ ಆ ತೂತಿಗೇ ಸರಿಯಾಗಿ ಬಿಟ್ಟ. ಬೆಳಕು ನೀರಿನ ಧಾರೆಯೊಳಗೆ ಸಿಕ್ಕಿಕೊಂಡಿತು. ಧಾರೆ ಬಾಗಿದ ಹಾಗೆ ಬೆಳಕೂ ಬಾಗಿತು! ಧಾರೆ ಎಲ್ಲಿ ಒಡೆದು ಹನಿಯಾಯಿತೋ ಅಲ್ಲಿ ಬೆಳಕು ಹೊರಗೆ ಚೆಲ್ಲಿತು. 1854ರಲ್ಲಿ ಲಂಡನ್ನಿನಲ್ಲಿ ಭೌತವಿಜ್ಞಾನಿ ಟಿಂಡಾಲ್ ಇದೇ ಬಗೆಯ ಪ್ರಯೋಗ ತೋರಿಸಿದ, ಬಹಳ ಕಾಲ ಹೆಸರು ಅವನಿಗೇ ಹೋಯಿತು. ನನಗೆ ಮಾತ್ರ ಕೊಲಾಡನ್ ಮೇಲೆ ಪ್ರೀತಿ ಜಾಸ್ತಿ. ಸಭೆಯವರಿಗೆ ಪಾಠ ಕಾಣಿಸಲಿ ಅಂತ ಒದ್ದಾಡಿದ ಮೇಷ್ಟ್ರು ಅಲ್ವಾ!

ಈ ಕಥೆಯಲ್ಲಿ ನಮಗೆ ಬೇಕಾದ ಮಾತು ಒಂದಿದೆ. ಧಾರೆಯ ಮೈ ನಯವಾಗಿರುವ ತನಕ ಬೆಳಕು ಒಳಗಿತ್ತು, ಮೈ ಒಡೆದಲ್ಲಿ ಹೊರಗೆ ಬಂತು. ಲೈಟ್ ಗೈಡ್ ಹಿಂಬದಿಯಲ್ಲಿ ಸಾಲಾಗಿ ಪ್ರಿಸಂ ಕೊರೆದು ನಾವು ಮಾಡುವುದೂ ಅದನ್ನೇ, ಬೇಕಾದ ಜಾಗದಲ್ಲಿ ಬೇಕಾದಷ್ಟೇ ಮೈ ಒಡೆಯುತ್ತೇವೆ. ಆದರೆ ಒಡೆದ ಮೇಲೆ ಬೆಳಕು ಮುಂದಕ್ಕೇ ಹೋಗಬೇಕು ಅಂತ ಯಾವ ನಿಯಮವೂ ಇಲ್ಲ. ಹಿಂದಕ್ಕೂ ಹೋಗುತ್ತದೆ.

ನಿಮ್ಮ ಪೋಸ್ಟರ್‌ಗಳಲ್ಲಿ ಹೆಚ್ಚಿನ ಪ್ರಿಸಂಗಳು 45 ಡಿಗ್ರಿ. ಅಕ್ಷದ ಉದ್ದಕ್ಕೆ ನೇರವಾಗಿ ಬಂದ ಕಿರಣ 45 ಡಿಗ್ರಿಯಲ್ಲಿ ಬಡಿದು, 90 ಡಿಗ್ರಿ ತಿರುಗಿ, ಸೊಗಸಾಗಿ ಮುಂದೆ ಬರುತ್ತದೆ. ಸರಿ. ಆದರೆ ಪ್ರಿಸಂ ಇರುವುದು ಪಕ್ಕದ ಗೋಡೆಯಲ್ಲಿ, ಅಲ್ಲಿಗೆ ಬರುವ ಹೆಚ್ಚಿನ ಕಿರಣಗಳು ಆ ಗೋಡೆಯ ಕಡೆಗೆ ವಾಲಿಕೊಂಡೇ ಬರುತ್ತವೆ. ಬರೀ 3 ಡಿಗ್ರಿ ವಾಲಿದ ಕಿರಣ ಪ್ರಿಸಂ ಮುಖಕ್ಕೆ 42 ಡಿಗ್ರಿಯಲ್ಲಿ ಬಡಿಯುತ್ತದೆ. ಕ್ರಿಟಿಕಲ್ ಆಂಗಲ್ 42.2. ಅದಕ್ಕಿಂತ ಕೆಳಗೆ ಇಳಿಯಿತು, ಹಿಂದಿನಿಂದ ಸೋರಿತು! ಒಳಗೆ 42 ಡಿಗ್ರಿವರೆಗೆ ವಾಲಿದ ಕಿರಣಗಳಿವೆ, ನಮ್ಮ ಪ್ರಿಸಂ 3 ಡಿಗ್ರಿಯನ್ನೂ ತಡೆಯುವುದಿಲ್ಲ. ಪಾಲಿಕಾರ್ಬೊನೇಟ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಹಾಕಿದರೆ ಸುಮಾರು 6 ಡಿಗ್ರಿ ಸಿಗುತ್ತದೆ, ಅಷ್ಟೇ. ಮುಖವನ್ನು ಅಕ್ಷಕ್ಕೆ 30 ಡಿಗ್ರಿ ಮಾಡಿ ನೋಡಿ. ಅಕ್ರಿಲಿಕ್‌ನಲ್ಲೇ 17.8 ಡಿಗ್ರಿ ವಾಲಿದ ಕಿರಣದ ತನಕ ಪೂರ್ತಿ ಪ್ರತಿಫಲನ. ಆದರೆ ಬೆಳಕು ಹೊರಗೆ ಬರುವಾಗ ನೇರ ಮುಂದಕ್ಕೆ ಬರದೆ 18ರಿಂದ 48 ಡಿಗ್ರಿವರೆಗೆ ವಾಲಿ ಬರುತ್ತದೆ. ಡಿಸೈನ್ ಅಂದರೆ ಈ ಜಗ್ಗಾಟ. ಇದು ಒಂದು ಹಾಳೆ, ಒಂದು ಸ್ಕೇಲ್, ಒಂದು ಕೋನಮಾಪಕದಲ್ಲಿ ಆಗುವ ಕೆಲಸ. ಲೈಟ್‌ಟೂಲ್ಸ್, ಜೆಮ್ಯಾಕ್ಸ್, ಟ್ರೇಸ್‌ಪ್ರೊ ಅಂಥ ಕಿರಣಗಳ ದಾರಿ ಲೆಕ್ಕ ಹಾಕುವ ಸಾಫ್ಟ್‌ವೇರ್ ಯಾವುದನ್ನೇ ತೆರೆಯುವ ಮುಂಚೆ ಮಾಡಿ.

ಸಾಫ್ಟ್‌ವೇರ್ ಇದನ್ನು ಯಾಕೆ ಹೇಳಲಿಲ್ಲ? ನೀವು ಕೇಳಲಿಲ್ಲ. ಡಿಟೆಕ್ಟರ್, ಅಂದರೆ ತಾಗಿದ ಕಿರಣ ಎಣಿಸುವ ಸಾಫ್ಟ್‌ವೇರಿನ ಪರದೆ, ಇಟ್ಟದ್ದು ಮುಂದೆ ಮಾತ್ರ. ಹಿಂದೆ ಸೋರಿದ ಕಿರಣ ಯಾವ ಡಿಟೆಕ್ಟರಿಗೂ ತಾಗದೆ ಹೋಯಿತು. ತಾನೇ ಅಳತೆ ಬದಲಿಸಿ ಒಳ್ಳೆಯ ಡಿಸೈನ್ ಹುಡುಕುವ ಆಪ್ಟಿಮೈಸರಿಗೆ ಹೇಳಿದ್ದು 'ಬೆಳಕು ಸಮವಾಗಿರಲಿ' ಅಂತ, ಅದು ಸಮ ಮಾಡಿ ಕೊಟ್ಟಿತು. ಅರ್ಧಕ್ಕಿಂತ ಹೆಚ್ಚು ಬೆಳಕು ಹಿಂದೆ ಚೆಲ್ಲಿದ್ದರೂ ಸಮ ಸಮವೇ. ಹಿಂದೊಂದು, ಕೊನೆಯ ತುದಿಗೊಂದು, ಎಲ್‌ಇಡಿ ಕಡೆಗೊಂದು ಡಿಟೆಕ್ಟರ್ ಇಡಿ. ಪ್ಲಾಸ್ಟಿಕ್ ಹೀರಿದ್ದನ್ನೂ ಸೇರಿಸಿ. ಎಲ್ಲ ಕೂಡಿದರೆ 100 ಬರಬೇಕು. ಬರದಿದ್ದರೆ ಬೆಳಕು ಎಲ್ಲಿ ಹೋಯಿತು ಅಂತ ಕೇಳಿ.

ಇನ್ನು ಪ್ರಿಸಂ ಆಳ. ಆಳ ಹೆಚ್ಚಿದಷ್ಟೂ ಅದು ಹೊರಗೆ ತೆಗೆಯುವ ಬೆಳಕು ಹೆಚ್ಚು. ಇದಕ್ಕೆ ನಿಮ್ಮೂರಿನ ಉದಾಹರಣೆಯೇ ಇದೆ. ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರು ಅಂದುಕೊಳ್ಳಿ. ಮೇಲಿನ ತೂಬುಗಳು ಬೇಕಾದಷ್ಟು ಎಳೆದುಕೊಂಡರೆ ಮದ್ದೂರು, ಮಳವಳ್ಳಿ ಕಡೆಯ ಕೊನೇ ಭಾಗದ ರೈತರಿಗೆ ಏನು ಉಳಿಯುತ್ತದೆ? ಸರಳಿನಲ್ಲೂ ಹಾಗೇ. 50 ಪ್ರಿಸಂ ಇದೆ, ಪ್ರತಿಯೊಂದೂ ತನ್ನ ಹತ್ತಿರ ಬಂದದ್ದರಲ್ಲಿ ಶೇ. 2 ಹೊರಗೆ ಹಾಕುತ್ತದೆ ಅಂತಿರಲಿ. ಕೊನೆಯದರಿಂದ ಬರುವುದು ಮೊದಲನೆಯದರ ಶೇ. 37 ಮಾತ್ರ, ಜೊತೆಗೆ ಶೇ. 36 ಬೆಳಕು ಸುಮ್ನೆ ತುದಿಯಿಂದ ಆಚೆ ಹೋಗುತ್ತದೆ. ಎಲ್ಲರಿಗೂ ಸಮಪಾಲು ಬೇಕು ಅಂದರೆ ಮೊದಲ ಪ್ರಿಸಂ 50ರಲ್ಲಿ ಒಂದು ಪಾಲು, ಎರಡನೆಯದು 49ರಲ್ಲಿ ಒಂದು, 41ನೆಯದು ಉಳಿದ 10ರಲ್ಲಿ ಒಂದು ಹೀಗೆ ತೆಗೆಯಬೇಕು. 26ನೆಯ ಪ್ರಿಸಂ ಹೊತ್ತಿಗೂ ತೆಗೆಯಬೇಕಾದದ್ದು ಬರೀ ಶೇ. 4, ಕೊನೆಯ ಹತ್ತರಲ್ಲಿ ಅದು ಶೇ. 10ರಿಂದ ಮೇಲಕ್ಕೆ ನೆಗೆಯುತ್ತದೆ. ಪೋಸ್ಟರ್‌ಗಳಲ್ಲಿ ಆಳ ನೇರ ಗೆರೆಯಲ್ಲಿ ಏರುತ್ತಿತ್ತು, ಅದನ್ನು ಬಿಡಿ. ಕೊನೆಯವು ಎಲ್ಲ ಬೆಳಕನ್ನೂ ತೆಗೆಯಲಾರವು, ಸ್ವಲ್ಪ ತುದಿಯಿಂದ ಹೋಗೇ ಹೋಗುತ್ತದೆ. ಎಷ್ಟು ಹೋಗಬಹುದು ಅಂತ ಮೊದಲೇ ತೀರ್ಮಾನ ಮಾಡಿ ಲೆಕ್ಕದಲ್ಲಿ ಬರೆದುಬಿಡಿ.

ಸರ್ ಗಡಿಯಾರ ತೋರಿಸುತ್ತಿದ್ದಾರೆ. ಆಯ್ತು ಸರ್, ಐದೇ ನಿಮಿಷ.

ಮೂಲೆಗಳ ಬಗ್ಗೆ. ಸಾಫ್ಟ್‌ವೇರಿನಲ್ಲಿ ಪ್ರಿಸಂ ತುದಿ ಚೂಪು. ಅಚ್ಚಿನಿಂದ ಬಂದ ಭಾಗದಲ್ಲಿ ಅದು ದುಂಡಗಿರುತ್ತದೆ. 0.3 ಮಿಲಿಮೀಟರ್ ಆಳದ 45 ಡಿಗ್ರಿ ಪ್ರಿಸಂ ಮುಖದ ಉದ್ದ 0.42 ಮಿಲಿಮೀಟರ್. ತುದಿಯಲ್ಲಿ 0.1 ಮಿಲಿಮೀಟರ್ ರೇಡಿಯಸ್ ಬಂದರೆ ಅದರಲ್ಲಿ ಸುಮಾರು ಕಾಲು ಭಾಗ ಹೋಯಿತು. ಅಚ್ಚು ಮಾಡುವ ಟೂಲ್ ರೂಮಿನವರನ್ನು ಮೊದಲು ಕೇಳಿ, ಅವರು ಹೇಳಿದ ರೇಡಿಯಸ್ ಹಾಕಿಯೇ ರನ್ ಮಾಡಿ.

ಕಿರಣಗಳ ಸಂಖ್ಯೆ. ಡಿಟೆಕ್ಟರಿನಲ್ಲಿ 100 ಚೌಕ, ಅದಕ್ಕೆ ತಾಗಿದ್ದು 10,000 ಕಿರಣ ಅಂದರೆ ಚೌಕಕ್ಕೆ 100, ಏರುಪೇರು ಶೇ. 10. ಅದನ್ನು ಶೇ. 1ಕ್ಕೆ ಇಳಿಸಬೇಕಾದರೆ 10 ಲಕ್ಷ ಕಿರಣ ತಾಗಬೇಕು. ಕಡಿಮೆ ಕಿರಣ ಇಟ್ಟು ಆಪ್ಟಿಮೈಸರ್ ಬಿಟ್ಟರೆ ಅದು ಈ ಏರುಪೇರನ್ನೇ ಸರಿ ಮಾಡುತ್ತಾ ಕೂರುತ್ತದೆ.

ಎಸ್‌ಟಿಎಲ್ ಫೈಲಿನಲ್ಲಿ ಸರಳಿನ ಆಕಾರವನ್ನು ಸಾಫ್ಟ್‌ವೇರಿಗೆ ತರಬೇಡಿ, ಅದರಲ್ಲಿ ದುಂಡು ಸರಳು ಚಪ್ಪಟೆ ಪಟ್ಟಿಗಳಾಗಿ ಒಡೆದು ಇಲ್ಲದ ಗೆರೆಗಳು ಕಾಣುತ್ತವೆ, ದುಂಡು ಮೈಯನ್ನು ದುಂಡಾಗಿಯೇ ಉಳಿಸುವ ಸ್ಟೆಪ್ ಫೈಲ್ ತನ್ನಿ. ಬಾಗಿದ ಸರಳಿನ ವಿಷಯ, ಹಿಂದೆ ಬಿಳಿ ಪ್ಲಾಸ್ಟಿಕ್ ಇಟ್ಟು ಸೋರಿದ್ದನ್ನು ವಾಪಸ್ ತರುವ ವಿಷಯ ಇನ್ನೂ ಇತ್ತು, ಅದಕ್ಕೆ ಹೊತ್ತಿಲ್ಲ.

ಬಾಗಿಲ ಪಕ್ಕದ ಟೇಬಲ್ ಮೇಲೆ ಎರಡು ಅಕ್ರಿಲಿಕ್ ಸರಳು ಇಟ್ಟಿದ್ದೇನೆ, ಒಂದು 45 ಡಿಗ್ರಿಯದು, ಇನ್ನೊಂದು 35ರದು, ಎರಡಕ್ಕೂ ಒಂದೇ ಥರದ ಎಲ್‌ಇಡಿ. ಟೀ ತಗೊಂಡು ಬನ್ನಿ. ಮೊದಲು ಹಿಂಬದಿ ನೋಡಿ, ಆಮೇಲೆ ಮುಂದೆ. ಪ್ರಶ್ನೆ ಇದ್ದರೆ ಅಲ್ಲೇ ಕೇಳಿ, ಐದು ಗಂಟೆ ತನಕ ಇರುತ್ತೇನೆ.