ದಿಮ್ಮಿ ಒಪ್ಪಿದಷ್ಟೇ ಮೂರ್ತಿ: ಹಾಯಿಮ್ ಗ್ರೋಸ್ ಅವರ ಉಳಿ, ಅವರ ಪಾಠ

ಈ ದಿಮ್ಮಿಯ ತುದಿಯನ್ನ ಸ್ವಲ್ಪ ಹತ್ತಿರದಿಂದ ನೋಡಿ. ಹೊರಗಡೆ ಬೆಣ್ಣೆ ಬಣ್ಣದ ಪಟ್ಟಿ, ಒಳಗೆ ಹಸಿರು ಬೆರೆತ ಕಡು ಕಂದು. ಹೊರಗಿನದು ಬಿಳಿಮರ, ಒಳಗಿನದು ಚೇಗು. ನಟ್ಟನಡುವೆ ಚುಕ್ಕಿ ಥರ ಇದೆಯಲ್ಲ, ಅದು ತಿರುಳು. ಮರದ ಹೆಸರು ಲಿಗ್ನಮ್ ವೈಟೆ, ಕೆರಿಬಿಯನ್ ದ್ವೀಪಗಳ ಕಡೆಯದು. ನೀರಿಗೆ ಹಾಕಿದ್ರೆ ತೇಲಲ್ಲ, ಮುಳುಗುತ್ತೆ. ಒಂದಡಿ ದಪ್ಪ, ಒಂದು ಮೀಟರ್ ಉದ್ದದ ತೇಗದ ದಿಮ್ಮಿ ಸುಮಾರು 45 ಕೆಜಿ ತೂಗಿದ್ರೆ, ಅದೇ ಅಳತೆಯ ಇದು 85 ಕೆಜಿ ದಾಟುತ್ತೆ. ಹಡಗಿನ ಪ್ರೊಪೆಲರ್ ದಂಡಕ್ಕೆ ಹಿಂದೆ ಇದನ್ನೇ ಬೇರಿಂಗ್ ಆಗಿ ಕೂರಿಸ್ತಿದ್ರು. ಮರದೊಳಗಿನ ಎಣ್ಣೆಯೇ ಗ್ರೀಸಿನ ಕೆಲಸ ಮಾಡ್ತಿತ್ತು.

ಇಂಥ ಮೊಂಡು ಮರದಲ್ಲಿ ಸರ್ಕಸ್ಸಿನ ಕಸರತ್ತಿನವರನ್ನ ಕೆತ್ತಿದವರು ಹಾಯಿಮ್ ಗ್ರೋಸ್. ನ್ಯೂಯಾರ್ಕಿನ ಶಿಲ್ಪಿ, ಅದಕ್ಕಿಂತ ಹೆಚ್ಚಾಗಿ ನ್ಯೂಯಾರ್ಕಿನ ಮೇಷ್ಟ್ರು.

ಹುಟ್ಟಿದ್ದು ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ, ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ ಗಲೀಷಿಯಾದಲ್ಲಿ, ಕಾರ್ಪೇಥಿಯನ್ ಬೆಟ್ಟಸಾಲಿನ ಕಾಡೂರಲ್ಲಿ. ಯಹೂದಿ ಮನೆತನ. ತಂದೆ ಮರದ ಉದ್ಯಮದಲ್ಲಿದ್ದವರು, ಹಾಗಾಗಿ ಗರಗಸದ ಹೊಟ್ಟಿನ ವಾಸನೆ ಹುಡುಗನಿಗೆ ಹೊಸದೇನಲ್ಲ. ಮೊದಲ ಮಹಾಯುದ್ಧ ಬಂತು, ಸೈನ್ಯಗಳು ಊರ ಮೇಲೆ ಹಾದುಹೋದವು, ಕುಟುಂಬ ದಿಕ್ಕಾಪಾಲಾಯ್ತು. ಹದಿಹರೆಯದಲ್ಲಿ ಬುಡಾಪೆಸ್ಟ್ ಸೇರಿ ಕಲಾಶಾಲೆಗೆ ಹೋಗೋಕೆ ಶುರು ಮಾಡಿದ್ರೆ, ಹಂಗೇರಿಯಲ್ಲಿ ಸರ್ಕಾರ ಬದಲಾಗಿ ಯಹೂದಿ ನಿರಾಶ್ರಿತರನ್ನ ಆಚೆಗಟ್ಟಿದ್ರು. ಸ್ವಲ್ಪ ದಿನ ವಿಯೆನ್ನಾ. 1921ರಲ್ಲಿ ನ್ಯೂಯಾರ್ಕ್. ಆ ವರ್ಷವೇ ಅಮೆರಿಕ ವಲಸಿಗರಿಗೆ ದೇಶವಾರು ಕೋಟಾ ಕಟ್ಟಿತು, 1924ರಲ್ಲಿ ಅದನ್ನ ಇನ್ನೂ ಬಿಗಿ ಮಾಡಿತು. ಮೂರು ವರ್ಷ ತಡವಾಗಿದ್ರೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿರ್ತಿತ್ತು.

ಹಗಲು ದಿನಸಿ ಅಂಗಡಿಯ ಸಾಮಾನು ಮನೆಮನೆಗೆ ಮುಟ್ಟಿಸೋ ಕೆಲಸ, ಸಂಜೆ ತರಗತಿ. ತರಗತಿ ಇದ್ದದ್ದು ಎಜುಕೇಶನಲ್ ಅಲಯನ್ಸ್‌ನಲ್ಲಿ. ಲೋವರ್ ಈಸ್ಟ್ ಸೈಡ್‌ನ ಈಸ್ಟ್ ಬ್ರಾಡ್‌ವೇ ಬೀದಿಯಲ್ಲಿ, ಹೊಸದಾಗಿ ಬಂದ ವಲಸಿಗರಿಗೆ ಇಂಗ್ಲಿಷ್, ಕಸುಬು, ಕಲೆ ಎಲ್ಲ ಕಲಿಸೋಕೆ 1889ರಲ್ಲಿ ಶುರುವಾದ ಸಂಸ್ಥೆ ಅದು. ಮುಂದೆ ಹೆಸರು ಮಾಡಿದ ಚಿತ್ರಕಾರರು ಸೋಯರ್ ಸಹೋದರರು, ಪೀಟರ್ ಬ್ಲೂಮ್, ಎಲ್ಲ ಇಲ್ಲಿನ ಸಹಪಾಠಿಗಳೇ. ಅಲ್ಲಿಂದ ಬೋ-ಆರ್ಟ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಶಿಲ್ಪಿ ಎಲಿ ನಾಡೆಲ್‌ಮನ್ ಹತ್ತಿರ, ಆಮೇಲೆ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಶಿಲ್ಪಿ ರಾಬರ್ಟ್ ಲೊರಾಂ ಹತ್ತಿರ ಕಲಿತರು. ನಾಡೆಲ್‌ಮನ್ ಪೋಲೆಂಡಿನಿಂದ ಬಂದವರು, ಲೊರಾಂ ಫ್ರಾನ್ಸಿನಿಂದ. ಅಮೆರಿಕದ ಶಿಲ್ಪ ಅಂತ ನಾವು ಕರೆಯೋದರ ಅರ್ಧ ಭಾಗ ಹಡಗಿಳಿದು ಬಂದದ್ದೇ.

ಲೊರಾಂ ಹೇಳಿಕೊಟ್ಟದ್ದು ನೇರ ಕೆತ್ತನೆ. ಆಗ ವಾಡಿಕೆ ಇದ್ದದ್ದು ಬೇರೆ: ಶಿಲ್ಪಿ ಜೇಡಿಮಣ್ಣಲ್ಲಿ ಮಾದರಿ ಮಾಡಿ ಪ್ಲಾಸ್ಟರ್ ಅಚ್ಚು ತೆಗೆಸ್ತಿದ್ದ, ಕಲ್ಲಿಗೆ ಅಥವಾ ಮರಕ್ಕೆ ಅಳತೆ ಹಿಡಿದು ಇಳಿಸ್ತಿದ್ದವನು ಕೂಲಿ ಕೆತ್ತನೆಗಾರ. ನೇರ ಕೆತ್ತನೆಯಲ್ಲಿ ನಡುವೆ ಯಾರೂ ಇಲ್ಲ. ಕಾಗದದ ಮೇಲೆ ಬೇಕಾದಷ್ಟು ಚಿತ್ರ ಬರ್ಕೋಬಹುದು, ಗ್ರೋಸ್ ಬರೀತಿದ್ರು ಕೂಡ. ಆದ್ರೆ ಉಳಿ ಇಟ್ಟ ಮೇಲೆ ಮಾತುಕತೆ ದಿಮ್ಮಿ ಜೊತೆಗೇ.

ಆ ಮಾತುಕತೆ ಹೇಗಿರುತ್ತೆ ನೋಡೋಣ.

ಮೊದಲು ಒಣಗಿಸೋದು. ಹಲಗೆಗೆ ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋ ಲೆಕ್ಕ ಬಡಗಿಗಳಿಗೆ ಗೊತ್ತು. ಹನ್ನೆರಡು ಇಂಚಿನ ಇಡೀ ದಿಮ್ಮಿಗೆ ಆ ಲೆಕ್ಕ ಹಿಡಿದು ಕೂತ್ರೆ ಹನ್ನೆರಡು ವರ್ಷ ಕಾಯಬೇಕು. ಕಡಿದ ದಿನವೇ ಎರಡೂ ತುದಿಗೆ ಮೇಣ ಬಳೀಬೇಕು, ಮೇಣ ಇಲ್ಲದಿದ್ರೆ ಗಟ್ಟಿ ಬಣ್ಣ. ತುದಿಯಿಂದ ನೀರು ಪಕ್ಕಗಳಿಗಿಂತ ಹತ್ತಾರು ಪಟ್ಟು ಬೇಗ ಆರುತ್ತೆ, ಹಾಗೆ ಬಿಟ್ರೆ ತುದಿ ಸೀಳುತ್ತೆ. ನೆಲಕ್ಕೆ ತಾಗದ ಹಾಗೆ ಎರಡು ತುಂಡಿನ ಮೇಲೆ ಎತ್ತಿ, ನೆರಳಲ್ಲಿ, ಗಾಳಿಯಾಡೋ ಕಡೆ ಇಡಬೇಕು.

ಇಷ್ಟೆಲ್ಲ ಮಾಡಿದ್ರೂ ತಿರುಳು ಒಳಗೇ ಇರೋ ದಿಮ್ಮಿ ಒಂದು ಕಡೆ ಬಿರಿಯುತ್ತೆ. ಕಾರಣ ಸರಳ. ಮರ ಒಣಗುವಾಗ ವರ್ಷ ವರ್ಷ ಬೆಳೆದ ಉಂಗುರದ ಸುತ್ತಲ ಕಡೆಗೆ ಕುಗ್ಗೋದು, ತಿರುಳಿನಿಂದ ತೊಗಟೆ ಕಡೆಗೆ ಕುಗ್ಗೋದರ ಸುಮಾರು ಎರಡರಷ್ಟು. ನಡುವಿನ ಗಟ್ಟಿ ಜಗ್ಗಲ್ಲ, ಸುತ್ತಲಿನದು ಬಿಗಿಯುತ್ತೆ, ಕೊನೆಗೆ ಒಂದು ಗೆರೆಯಲ್ಲಿ ಬಿಟ್ಟುಕೊಡುತ್ತೆ. ಆ ಬಿರುಕು ಎಲ್ಲಿ ಬರಬಹುದು ಅಂತ ತುದಿ ನೋಡಿ ಓದ್ಕೊಂಡು, ಬಿರುಕು ಬೆನ್ನಿಗೆ ಬರೋ ಹಾಗೆ ಮೂರ್ತಿಯ ಮುಖವನ್ನ ಆಚೆ ಬದಿಗೆ ತಿರುಗಿಸೋದು ಕೆತ್ತೋರ ಜಾಣತನ. ಎರಡೂ ತುದಿಯಲ್ಲಿ ಎರಡು ಮೂರು ಇಂಚು ಹೆಚ್ಚಿಗೆ ಬಿಟ್ಟಿರಬೇಕು. ಸಣ್ಣ ಸೀಳುಗಳು ಅಲ್ಲೇ ಮುಗಿದುಹೋದ್ರೆ ಆಮೇಲೆ ಕೊಯ್ದು ಬಿಸಾಡಬಹುದು, ಬೆಂಚಿಗೆ ಬೋಲ್ಟ್ ಹಾಕೋಕೂ ಜಾಗ ಆಗುತ್ತೆ.

ಇನ್ನು ಕೆತ್ತನೆ. ಸೀಮೆಸುಣ್ಣದಲ್ಲಿ ನಾಲ್ಕೂ ಕಡೆ ಗುರುತು. ದೊಡ್ಡ ತಗ್ಗು ಬರೋ ಕಡೆ ಗರಗಸದಿಂದ ಅಡ್ಡಲಾಗಿ, ಬೆರಳಗಲ ಬಿಟ್ಟು ಸಾಲಾಗಿ ಕೊಯ್ತ. ಕೊಯ್ತ ಬೇಕಾದ ಆಳಕ್ಕಿಂತ ಕಾಲು ಇಂಚು ಮೇಲೇ ನಿಲ್ಲಬೇಕು. ಆಮೇಲೆ ಒಂದೂವರೆ ಇಂಚಿನ ಬಾಗಿದ ಉಳಿ, ಕಿಲೋ ಆಸುಪಾಸಿನ ಕೊಡತಿ. ಕೊಯ್ತಗಳ ನಡುವಿನ ಮರ ಬಿಲ್ಲೆ ಬಿಲ್ಲೆಯಾಗಿ ಹಾರುತ್ತೆ. ಕೊಯ್ತ ಇಲ್ಲದೆ ಹೊಡೆದ್ರೆ ಸೀಳು ಮರದ ನಾರಿನ ಎಳೆ ಹಿಡಿದು ಓಡಿ, ಮೊಣಕಾಲಿಗೆ ಇಟ್ಟ ಏಟು ಸೊಂಟದಲ್ಲಿ ಬಂದು ನಿಲ್ಲುತ್ತೆ.

ಹೊಸಬರು ತಪ್ಪದೆ ಮಾಡೋ ತಪ್ಪು ಇನ್ನೊಂದಿದೆ: ಮುಖ ಮೊದಲು ಮುಗಿಸೋದು. ಕಣ್ಣು ಮೂಗು ಚೆಂದ ಆದ ಮೇಲೆ ಕುತ್ತಿಗೆಗೆ ಮರ ಸಾಲಲ್ಲ. ದಿಮ್ಮಿಯನ್ನ ತಿರುಗಿಸ್ತಾ ಸುತ್ತಲೂ ಸಮವಾಗಿ ಇಳಿಸ್ಕೊಂಡು ಬರಬೇಕು. ಅತಿ ಎತ್ತರದ ಜಾಗಗಳು ಮೊದಲು, ಸಣ್ಣ ವಿವರ ಕಡೆಗೆ.

ಉಳಿಯ ಮಸೆತವೂ ಮರದ ಮೇಲೆ ನಿಂತಿದೆ. ಮೆದು ಮರಕ್ಕೆ 20ರಿಂದ 25 ಡಿಗ್ರಿ ಚೆನ್ನ. ಅದೇ ಅಂಚನ್ನ ಲಿಗ್ನಮ್ ವೈಟೆಗೆ ಹಿಡಿದ್ರೆ ನಾಲ್ಕು ಏಟಿಗೆ ಅಂಚು ಹಲ್ಲು ಬೀಳುತ್ತೆ, 30 ಡಿಗ್ರಿ ದಾಟಿಸಿ ಮಸೀಬೇಕು. ನಮ್ಮ ಬೀಟೆ ಮರವೇ ಗಟ್ಟಿ ಅನ್ನೋರು ಇದಕ್ಕೆ ಒಮ್ಮೆ ಉಳಿ ಇಟ್ಟು ನೋಡಬೇಕು. ಇದರ ಎಳೆಗಳು ಒಂದು ಪದರ ಬಲಕ್ಕೆ, ಮುಂದಿನದು ಎಡಕ್ಕೆ ಹೆಣೆದುಕೊಂಡಿರುತ್ತವೆ. ಹಾಗಾಗಿ ಈಗ ನುಣ್ಣಗೆ ಬಂದ ಉಳಿ ಅರ್ಧ ಇಂಚು ಮುಂದೆ ಹೋಗಿ ಮರ ಕಿತ್ತುಕೊಂಡು ಬರುತ್ತೆ. ಕಿತ್ತರೆ ಜೋರು ಮಾಡಬಾರದು, ಆ ಕಡೆಯಿಂದ ಬರಬೇಕು. ಮುರಿದ ತುಂಡನ್ನ ಅಂಟಿಸ್ತೀನಿ ಅಂದ್ರೆ ಎಣ್ಣೆ ಅಂಟನ್ನ ಹಿಡಿಯೋಕೆ ಬಿಡಲ್ಲ, ಮೊದಲು ಅಸಿಟೋನ್ ಹಾಕಿ ಚೆನ್ನಾಗಿ ಒರೆಸಬೇಕು.

ಈಗ ಗ್ರೋಸ್ ಅವರ ಮೂರ್ತಿಗಳ ಕಡೆ ಬನ್ನಿ. 1935ರ ‘ಹ್ಯಾಂಡಲ್‌ಬಾರ್ ರೈಡರ್ಸ್’, ಅಂದ್ರೆ ಸೈಕಲ್ ಹಿಡಿಯ ಸವಾರರು, ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ, ಇದೇ ಮರದ್ದು. ಎತ್ತರ ಮೂರಡಿಗಿಂತ ಹೆಚ್ಚು, ಅಗಲ ಒಂದಡಿಯ ಆಸುಪಾಸು. ಕೈಕಾಲು ಮೈಗೆ ಒತ್ತಿಕೊಂಡೇ ಇವೆ. ತೋಳು ಆಚೆಗೆ ಚಾಚಿದ್ರೆ ದಿಮ್ಮಿಯ ಅಗಲ ಮುಗಿದುಹೋಗುತ್ತೆ. ಜೊತೆಗೆ ಎಳೆಗೆ ಅಡ್ಡ ಬರೋ ತೆಳು ತೋಳು ಒಂದೇ ಏಟಿಗೆ ಮುರಿಯುತ್ತೆ. ಉದ್ದಕ್ಕೆ ಬೆಳೆದ ಮರದಲ್ಲಿ ಮೇಲಕ್ಕೇ ಹೋಗೋ ವಿಷಯ ಬೇಕಿತ್ತು, ಒಬ್ಬರ ಮೇಲೊಬ್ಬರು ನಿಲ್ಲೋ ಸರ್ಕಸ್ಸಿನವರು ಅದಕ್ಕೆ ಹೇಳಿಮಾಡಿಸಿದ ಹಾಗಿದ್ರು. ಅವರು ಸರ್ಕಸ್ಸನ್ನ ಇಷ್ಟಪಟ್ಟದ್ದು ನಿಜ. ಆದ್ರೆ ಅಷ್ಟೊಂದು ಕಸರತ್ತಿನವರನ್ನ ಕೇಳಿ ತಗೊಂಡದ್ದು ದಿಮ್ಮಿ ಅಂತಲೇ ನಮಗನಿಸುತ್ತೆ.

ದುಡ್ಡು? ಮರದ ಮೂರ್ತಿ ಮಾರಿ ಸಂಸಾರ ನಡೆಯೋ ಕಾಲ ಅದಲ್ಲ. ಮಹಾ ಆರ್ಥಿಕ ಕುಸಿತದ ವರ್ಷಗಳಲ್ಲಿ ಕೈಹಿಡಿದದ್ದು ಸರ್ಕಾರಿ ಕಲಾ ಯೋಜನೆಗಳು. ವಾಷಿಂಗ್ಟನ್ನಿನ ಅಂಚೆ ಇಲಾಖೆ ಕಟ್ಟಡಕ್ಕೆ ಅಲಾಸ್ಕಾದ ಹಿಮದಲ್ಲಿ ನಡೆಯೋ ಅಂಚೆಯವನ ಪ್ರತಿಮೆ, ಅಲ್ಯೂಮಿನಿಯಂ ಎರಕದ್ದು. ಫೆಡರಲ್ ಟ್ರೇಡ್ ಕಮಿಷನ್ ಕಟ್ಟಡಕ್ಕೆ ಸುಣ್ಣಕಲ್ಲಿನಲ್ಲಿ ಕಟ್ಟಡ ಕಾರ್ಮಿಕರ ಉಬ್ಬುಶಿಲ್ಪ. ಅದೇ ಕಟ್ಟಡದ ಇನ್ನೊಂದು ಬಾಗಿಲ ಮೇಲಿನ ಉಬ್ಬುಶಿಲ್ಪ ಗುರು ಲೊರಾಂ ಅವರದು. 1942ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಗ್ರೋಸ್ ಅವರ ‘ಲಿಲಿಯನ್ ಲೈಟ್ಜೆಲ್’ ಮೂರ್ತಿ ಕೊಂಡಿತು. ಲೈಟ್ಜೆಲ್ ಅಂದ್ರೆ ಆ ಕಾಲದ ಹೆಸರಾಂತ ಸರ್ಕಸ್ ಕಲಾವಿದೆ, 1931ರಲ್ಲಿ ಎತ್ತರದಲ್ಲಿ ನೇತಾಡೋ ಕಸರತ್ತಿನ ಬಳೆಯಿಂದ ಬಿದ್ದು ತೀರಿಕೊಂಡವರು.

ಯುದ್ಧ ಮುಗಿದ ಮೇಲೆ ಯೂರೋಪಿನ ಸುದ್ದಿ ಬಂತು. 1947ರ ಒಂದು ಮೂರ್ತಿಗೆ ಅವರಿಟ್ಟ ಹೆಸರಲ್ಲಿ ನಾಜಿಗಳಿಗೆ ಬಲಿಯಾದ ಸಹೋದರಿ ಸಾರಾ ಇದ್ದಾರೆ.

ಪಾಠ ಮಾತ್ರ ನಿಲ್ಲಲಿಲ್ಲ. ತಾವು ಕಲಿತ ಎಜುಕೇಶನಲ್ ಅಲಯನ್ಸ್‌ನಲ್ಲೇ 1920ರ ದಶಕದ ಕೊನೆಗೆ ಕಲಿಸೋಕೆ ಶುರುಮಾಡಿ ದಶಕಗಟ್ಟಲೆ ಕಲಿಸಿದ್ರು. ನ್ಯೂಯಾರ್ಕಿನ ನ್ಯೂ ಸ್ಕೂಲ್ ಅನ್ನೋ ವಿದ್ಯಾಸಂಸ್ಥೆಯಲ್ಲೂ ಕಲಿಸಿದ್ರು. ಉಕ್ರೇನಿನಿಂದ ಬಂದ ಲೂಯಿಸ್ ನೆವೆಲ್ಸನ್ 1930ರ ದಶಕದಲ್ಲಿ ಇವರ ತರಗತಿಯಲ್ಲಿದ್ರು. ಮುಂದೆ ಆಕೆ ಬೀದಿಯಲ್ಲಿ ಬಿಸಾಕಿದ ಮರದ ತುಂಡುಗಳನ್ನ ಪೆಟ್ಟಿಗೆಗಳಲ್ಲಿ ಜೋಡಿಸಿ, ಒಂದೇ ಕಪ್ಪು ಬಣ್ಣ ಬಳಿದು ಗೋಡೆ ಗೋಡೆಗಳನ್ನೇ ಕಟ್ಟಿದ್ರು. ಗುರು ಒಂದೇ ದಿಮ್ಮಿಯಿಂದ ತೆಗೀತಾ ಹೋದ್ರು, ಶಿಷ್ಯೆ ನೂರು ತುಂಡು ಸೇರಿಸ್ತಾ ಹೋದ್ರು. 1957ರಲ್ಲಿ ಮರದ ಶಿಲ್ಪದ ತಂತ್ರದ ಬಗ್ಗೆ ಗ್ರೋಸ್ ಪುಸ್ತಕ ಬರೆದ್ರು, ಫೋಟೋಗಳು ಎಲಿಯಟ್ ಎಲಿಸೊಫೊನ್ ಅವರವು.

ಸುಮಾರು ಆ ಹೊತ್ತಿಗೇ ಅವರು ಕಂಚಿನ ಕಡೆ ವಾಲಿದ್ದು. ತಂತಿ ಚೌಕಟ್ಟಿನ ಮೇಲೆ ಪ್ಲಾಸ್ಟರ್ ಕಟ್ಟಿ ಎರಕ ಹೊಯ್ಸಿದ್ರೆ ತೋಳು ಎಲ್ಲಿಗೆ ಬೇಕಾದ್ರೂ ಚಾಚಬಹುದು. ಚಾಚಿದ್ರು ಕೂಡ. ಆ ಕಂಚುಗಳು ಹಗುರವಾಗಿ ಹಾರುತ್ತವೆ, ಒಪ್ಪಬೇಕಾದ್ದೇ. ಆದ್ರೆ ದಿಮ್ಮಿಯ ಜೊತೆ ಜಗಳವಾಡಿ ಗಿಟ್ಟಿಸಿದ ಆ ಬಿಗಿ ಅವುಗಳಲ್ಲಿಲ್ಲ.

ಅವರು ತೀರಿಕೊಂಡದ್ದು 1991ರಲ್ಲಿ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಬಡಾವಣೆಯ 526 ಲಗಾರ್ಡಿಯಾ ಪ್ಲೇಸ್‌ನಲ್ಲಿ ಅವರ ಮನೆ ಮತ್ತು ಸ್ಟುಡಿಯೋ ಇದೆ, ಅವರ ಮತ್ತು ಪತ್ನಿ ರೆನೀ ಹೆಸರಿನ ಪ್ರತಿಷ್ಠಾನ ನೋಡ್ಕೊಳ್ಳುತ್ತೆ. ಹೋಗೋ ಮುಂಚೆ ತೆರೆದಿರೋ ದಿನ ವಿಚಾರಿಸ್ಕೊಳ್ಳಿ. ಚಳಿಗಾಲದಲ್ಲಿ ಹೋದ್ರೆ ಇನ್ನೊಂದು ವಿಷಯ: ನ್ಯೂಯಾರ್ಕಿನ ಮನೆಗಳ ಹೀಟರ್ ಗಾಳಿ ತುಂಬ ಒಣ, ಮರದ ಬಿರುಕುಗಳು ಆಗ ಬಾಯಿ ಬಿಡೋದು, ಬೇಸಿಗೆಯ ತೇವಕ್ಕೆ ಮುಚ್ಚಿಕೊಳ್ಳೋದು. ಚಳಿಗಾಲದಲ್ಲಿ ಬಿರುಕಿಗೆ ಗಟ್ಟಿ ಪುಟ್ಟಿ ತುಂಬಿದ್ರೆ, ಬೇಸಿಗೆಯಲ್ಲಿ ಉಬ್ಬಿದ ಮರಕ್ಕೆ ಜಾಗ ಸಿಗದೆ ಪಕ್ಕದಲ್ಲಿ ಹೊಸ ಬಿರುಕು ಬರುತ್ತೆ. ತುಂಬಲೇಬೇಕು ಅಂದ್ರೆ ಅದೇ ಮರದ ತೆಳು ಸೀಳನ್ನ, ಎಳೆ ಹೊಂದಿಸಿ, ಒಂದು ಅಂಚಿಗೆ ಮಾತ್ರ ಅಂಟು ಹಚ್ಚಿ ಕೂರಿಸ್ತಾರೆ. ಯಾವ ಊರಿನ ಮ್ಯೂಸಿಯಂ ಆಗ್ಲಿ, ಮರದ ಮೂರ್ತಿ ಸಿಕ್ಕಿದ್ರೆ ಒಂದು ಸುತ್ತು ಹಿಂದಕ್ಕೂ ಹೋಗಿ, ಬೆನ್ನ ಮೇಲೆ ಆ ಗೆರೆ ಇದೆಯಾ ನೋಡಿ.