ಬಿರುಕಿನ ಮೇಲೆ ಬೆಳೆದ ದ್ವೀಪ

ಕೇಳುಗರಿಗೆಲ್ಲ ನಮಸ್ಕಾರ.

ಜ್ವಾಲಾಮುಖಿ ಅಂದ ಕೂಡಲೇ ತುದಿಯಲ್ಲಿ ಹೊಗೆಯಾಡುವ ಒಂದು ದೊಡ್ಡ ಬೆಟ್ಟ ನಿಮ್ಮ ಕಣ್ಣಮುಂದೆ ಬರುತ್ತದೆ, ಅಲ್ವಾ? ಇವತ್ತು ಆ ಬೆಟ್ಟವನ್ನು ಮರೆತುಬಿಡಿ.

ಅಟ್ಲಾಂಟಿಕ್ ಸಾಗರದ ನಡುವೆ ಪೋರ್ಚುಗಲ್ ದೇಶದ ಅಜೋರಸ್ ದ್ವೀಪಗಳಿವೆ, ಒಟ್ಟು 9. ಅವುಗಳಲ್ಲಿ ಸಾವ್ ಜೋರ್ಜ್ ಒಂದು. ಉದ್ದ 50 ಕಿಲೋಮೀಟರಿಗಿಂತ ಜಾಸ್ತಿ, ಅಗಲ ಬರೀ 7ರ ಆಸುಪಾಸು. ಸಮುದ್ರದಲ್ಲಿ ಬೆಂಡೆಕಾಯಿ ತೇಲಿಬಿಟ್ಟ ಹಾಗೆ. ಯಾಕೆ ಈ ಆಕಾರ? ಅಲ್ಲಿ ನೆಲ ಉದ್ದಕ್ಕೆ ಬಿರುಕು ಬಿಟ್ಟಿದೆ. ಆ ಬಿರುಕಿನಿಂದ ಲಾವಾ ಉಕ್ಕಿ ಉಕ್ಕಿ ಗುಡ್ಡಗಳ ಸಾಲು ಎದ್ದಿತು. ಆ ಸಾಲೇ ದ್ವೀಪ.

"ಅಲ್ಲಿನ ಜ್ವಾಲಾಮುಖಿಯ ಹೆಸರೇನು?" ಅಂತ ನನ್ನನ್ನು ಕೇಳುತ್ತಲೇ ಇರುತ್ತಾರೆ. ಹೆಸರಿಡಲು ಒಂದೇ ಬಾಯಿ ಇದ್ದರೆ ತಾನೆ! ಬಿರುಕು ಎಲ್ಲಿ ಬೇಕಾದರೂ ಬಾಯಿ ತೆರೆಯುತ್ತದೆ. 1580ರಲ್ಲಿ ಬೇರೆ ಬೇರೆ ಕಡೆ ತೆರೆಯಿತು.

ಉರ್ಜೆಲಿನಾ ಊರಿನ ಕತೆ ಹೇಳದೆ ನಾನು ಮುಂದೆ ಹೋಗಲಾರೆ. 1808ರ ಮೇ 1. ಊರಿನ ಮೇಲಿನ ಏರಿನಲ್ಲಿ ನೆಲ ಬಾಯ್ಬಿಟ್ಟಿತು. ಊರು ಇರುವುದು ಕೆಳಗೆ, ಕಡಲ ಅಂಚಿಗೆ. ಇಷ್ಟು ಸಣಕಲು ದ್ವೀಪದಲ್ಲಿ ಲಾವಾ ಇಳಿಯುವ ದಾರಿ ಎಷ್ಟು ತಾನೇ ದೂರ? ಹೊಲ ಹೋಯಿತು, ಮನೆಗಳು ಹೋದವು. ಬಿಸಿ ಬೂದಿಯ ಮೋಡ ಇಳಿಜಾರಿನಲ್ಲಿ ಉರುಳಿ ಬಂದು ಜನ ಸತ್ತರು. ಕೊನೆಗೆ ಚರ್ಚೂ ಹೂತುಹೋಯಿತು. ಗಂಟೆ ಗೋಪುರ ಮಾತ್ರ ಉಳಿಯಿತು. ಇವತ್ತಿಗೂ ಒಂಟಿಯಾಗಿ ನಿಂತಿದೆ. ಅದರ ಪಕ್ಕ ನಿಂತರೆ ನಿಮ್ಮ ಕಾಲಡಿ ಇರುವುದು ತಣ್ಣಗಾದ ಲಾವಾ. ಅದರ ಕೆಳಗೆ, ಜನ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ನೆಲ. ನನಗಂತೂ ಇದನ್ನು ನೆನೆದಾಗೆಲ್ಲ ಮೈ ಜುಮ್ ಅನ್ನುತ್ತದೆ.

ದೂರದ ಮಾತು ಅನ್ನಬೇಡಿ. ನಮ್ಮ ವಿಜಯಪುರದ ಗೋಳಗುಮ್ಮಟದ ಕಪ್ಪು ಕಲ್ಲೂ ಬಿರುಕುಗಳಿಂದ ಹರಿದ ಲಾವಾನೇ, ಸುಮಾರು 6.6 ಕೋಟಿ ವರ್ಷ ಹಳೆಯದು. ಅಲ್ಲೂ ಬೆಟ್ಟ ಅಲ್ಲ, ಬಿರುಕು!

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. 1964ರಲ್ಲಿ ನೆಲ ನಡುಗಿ ಸಾವಿರಾರು ಜನ ದ್ವೀಪ ಬಿಟ್ಟರು. 2022ರ ಮಾರ್ಚ್ 19ರಿಂದ ಮತ್ತೆ ಸಾವಿರಾರು ಸಣ್ಣ ಕಂಪನ. ನಕ್ಷೆಯಲ್ಲಿ ಅವನ್ನು ಗುರುತಿಸಿದರೆ ದ್ವೀಪದ ಬೆನ್ನಿನ ಮೇಲೆ ಗೆರೆ ಎಳೆದ ಹಾಗಿತ್ತು. ಕರಗಿದ ಬಂಡೆ ಆ ಬಿರುಕಿನಲ್ಲೇ ಏರಿ ಬರುತ್ತಿತ್ತು. ಈ ಸಲ ಹೊರಗೆ ಬರಲಿಲ್ಲ. ನೆಲದೊಳಗೇ ನಿಂತಿತು.

ನಮಸ್ಕಾರ.