ಮೂರು ಒಲೆಗುಂಡುಗಳ ಮನೆ

ಕೇಳುಗರಿಗೆ ನಮಸ್ಕಾರ.

ಚೀನಾದ ಸಿಚುವಾನ್ ಪ್ರಾಂತ್ಯದ ದಕ್ಷಿಣ ಭಾಗದಲ್ಲಿ ಲಿಯಾಂಗ್‌ಶಾನ್ ಎಂಬ ಬೆಟ್ಟಸೀಮೆಯಿದೆ. ಶೀಚಾಂಗ್ ಅದರ ಮುಖ್ಯ ಪಟ್ಟಣ. ಉಪಗ್ರಹ ಉಡಾವಣೆಯ ಸುದ್ದಿಗಳಲ್ಲಿ ಈ ಹೆಸರನ್ನು ನೀವು ಕೇಳಿರಬಹುದು. ಅಲ್ಲಿಂದ ನಾನು ಪೂಶಿಯೊಂಗ್ ಕಡೆಗೆ ಹೋಗುವ ಹಸಿರು ಪ್ಯಾಸೆಂಜರ್ ರೈಲು ಹತ್ತಿದೆ. 1970ರಲ್ಲಿ ತೆರೆದ ಚೆಂಗ್ಡು-ಕುನ್ಮಿಂಗ್ ಮಾರ್ಗ ಅದು, ಸುರಂಗದಿಂದ ಸುರಂಗಕ್ಕೆ ನುಗ್ಗುವ ದಾರಿ. ಅತಿವೇಗದ ರೈಲುಗಳ ಆ ದೇಶದಲ್ಲಿ ಈ ರೈಲು ಇಂದಿಗೂ ಸಣ್ಣಪುಟ್ಟ ನಿಲ್ದಾಣಗಳಲ್ಲೆಲ್ಲ ನಿಲ್ಲುತ್ತದೆ. ಎಲ್ಲಕ್ಕಿಂತ ಕಡಿಮೆಯ ಟಿಕೆಟ್ ಎರಡು ಯುವಾನ್. ನನ್ನ ಪಕ್ಕದ ಬುಟ್ಟಿಯಲ್ಲಿ ಎರಡು ಕೋಳಿ, ಎದುರಿಗೆ ಸಂತೆಗೆ ಹೊರಟ ಸೊಪ್ಪಿನ ಹೊರೆ, ಅದರಾಚೆ ಶಾಲೆಯ ಲೆಕ್ಕ ಬಿಡಿಸುತ್ತಿದ್ದ ಹುಡುಗಿ.

ಇಲ್ಲಿ ನೆಲೆಸಿರುವವರು ಯೀ ಜನ. ಚೀನಾದಲ್ಲಿ ಅವರ ಒಟ್ಟು ಸಂಖ್ಯೆ 2020ರ ಜನಗಣತಿಯಂತೆ ಸುಮಾರು 98 ಲಕ್ಷ. ಲಿಯಾಂಗ್‌ಶಾನಿನ ಯೀಗಳು ತಮ್ಮನ್ನು ನುವೊಸು ಎಂದು ಕರೆದುಕೊಳ್ಳುತ್ತಾರೆ. ಅವರಿಗೆ ತಮ್ಮದೇ ಭಾಷೆಯಿದೆ, ತಮ್ಮದೇ ಲಿಪಿಯಿದೆ. ಬಿಮೊ ಎಂಬ ಪುರೋಹಿತರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಆ ಲಿಪಿಯನ್ನು ಒಂದು ಕ್ರಮಕ್ಕೆ ತಂದು, 1980ರಲ್ಲಿ 819 ಅಕ್ಷರಗಳಿಗೆ ಸರ್ಕಾರದ ಮನ್ನಣೆ ಕೊಡಲಾಯಿತು. ನಿಲ್ದಾಣದ ಫಲಕದ ಮೇಲೆ ಅದನ್ನು ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಓದಲು ಬಾರದ ಅಕ್ಷರವಾದರೇನು, ಬದುಕಿರುವ ಅಕ್ಷರ ಅದು!

ನನ್ನನ್ನು ಕರೆದುಕೊಂಡು ಹೋದವರು ಅದೇ ಸೀಮೆಯ ಶಾಲಾ ಶಿಕ್ಷಕರೊಬ್ಬರು. ಅವರ ಹಳ್ಳಿಗೆ ರಸ್ತೆಯಿಂದ ಎರಡು ಗಂಟೆಯ ಏರುದಾರಿ. ಮಣ್ಣಿನ ಗೋಡೆಯ ಮನೆಗಳು. ಹಿಂದೆಲ್ಲ ಸೂರಿಗೆ ಮರದ ಹಲಗೆಗಳನ್ನು ಹೊದಿಸಿ, ಗಾಳಿಗೆ ಹಾರದಂತೆ ಅವುಗಳ ಮೇಲೆ ಕಲ್ಲು ಹೇರುತ್ತಿದ್ದರು. ಈಗ ಬಹುಪಾಲು ಹೆಂಚು. ಅಂಗಳದಲ್ಲಿ ಕುಳಿತಿದ್ದ ಮುದುಕರು ಉಣ್ಣೆಯ ವಾಲಾ ಹೊದ್ದಿದ್ದರು. ಕೆಳಗಂಚಿನಲ್ಲಿ ಉದ್ದನೆಯ ಕುಚ್ಚು ಇಳಿಬಿಟ್ಟ ಕಪ್ಪು ಕಂಬಳಿ ಅದು. ಹಗಲು ಹೊದಿಕೆ, ರಾತ್ರಿ ಹಾಸಿಗೆ, ಮಳೆಗೆ ಮರೆ.

ಒಳಗೆ ಕಾಲಿಟ್ಟರೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಮೊದಲು ಕಂಡದ್ದು ನೆಲದ ಮೇಲೆ ಉರಿಯುವ ಒಲೆ. ಮೂರು ಒಲೆಗುಂಡು, ಅವುಗಳ ಮೇಲೆ ಮಸಿ ಹಿಡಿದ ಕಡಾಯಿ. ಹೊಸಿಲಲ್ಲೇ ಶಿಕ್ಷಕರು ನನಗೆ ಎಚ್ಚರಿಕೆ ಹೇಳಿದ್ದರು: ಒಲೆಯನ್ನು ದಾಟಬೇಡಿ, ಕಲ್ಲಿಗೆ ಕಾಲು ತಾಗಿಸಬೇಡಿ. ಒಲೆಯ ಮೇಲ್ಗಡೆಯ ಜಾಗ ಅತಿಥಿಗೆ, ಬಾಗಿಲ ಕಡೆಯದು ಚಿಕ್ಕವರಿಗೆ. ಯಾರು ಎಲ್ಲಿ ಕುಳಿತಿದ್ದಾರೆಂದು ನೋಡಿದರೆ ಸಾಕು, ಆ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕೆಂಬುದು ತಿಳಿಯುತ್ತದೆ.

ಅಡುಗೆಗೆ ಮೊದಲು ಒಂದು ಕೋಳಿಯನ್ನು ಜೀವಂತವಾಗಿ ನನ್ನ ಮುಂದೆ ತಂದು ತೋರಿಸಿದರು. ನಿನಗಾಗಿಯೇ ಇದು ಎಂದು ಅತಿಥಿಗೆ ತಿಳಿಸುವ ಪದ್ಧತಿ. ದೊಡ್ಡ ಅತಿಥಿಗೆ ಕುರಿ, ಇನ್ನೂ ದೊಡ್ಡವರಿಗೆ ದನ. ಮುಷ್ಟಿಗಾತ್ರದ ತುಂಡುಗಳನ್ನು ಉಪ್ಪು ಖಾರ ಹಾಕಿ ಬೇಯಿಸಿದರು. ಜೊತೆಗೆ ಆಲೂಗಡ್ಡೆ ಮತ್ತು ಕಹಿ ಕುಟ್ಟಿನ ರೊಟ್ಟಿ. ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟು ಗೊತ್ತಲ್ಲ, ಅದರ ಕಹಿ ಸೋದರ ಜಾತಿ. ಭತ್ತ ಬಾರದ ಎತ್ತರದ ತಂಪಿನಲ್ಲಿ, ಬಡಮಣ್ಣಿನಲ್ಲಿ ಬೆಳೆಯುತ್ತದೆ. ಮೊದಲ ತುತ್ತು ನಾಲಿಗೆಗೆ ಒಗರು, ಮೂರನೆಯ ತುತ್ತಿಗೆ ಬೇಕೆನಿಸುವ ರುಚಿ. ಬಡಿಸಿದ್ದು ಕಪ್ಪು, ಕೆಂಪು, ಹಳದಿಯ ಮೆರುಗೆಣ್ಣೆ ಹಚ್ಚಿದ ಮರದ ಬಟ್ಟಲಿನಲ್ಲಿ. ನಾನು ತಿಂದು ಕೈ ಒರೆಸಿಕೊಳ್ಳುವವರೆಗೂ ಮಕ್ಕಳು ಬಟ್ಟಲಿಗೆ ಕೈ ಹಾಕಲಿಲ್ಲ.

ಊಟದ ನಂತರ ಹತ್ತು ವರ್ಷದ ಹುಡುಗ ತನ್ನ ವಂಶವನ್ನು ಒಂದೇ ಉಸಿರಿಗೆ ಹೇಳಿದ. ಅಪ್ಪನ ಹೆಸರಿನ ಕೊನೆಯ ತುಣುಕೇ ಮಗನ ಹೆಸರಿನ ಮೊದಲ ತುಣುಕು. ಹೀಗೆ ಕೊಂಡಿಗೆ ಕೊಂಡಿ ಸಿಕ್ಕಿಸಿಕೊಂಡು ಹೆಸರುಗಳು ಸಾಗುತ್ತವೆ. ನಮ್ಮಲ್ಲಿ ವಂಶಾವಳಿ ಹೇಳಲು ಹೆಳವರು ಮನೆಬಾಗಿಲಿಗೆ ಬರುತ್ತಾರೆ. ನುವೊಸುಗಳಲ್ಲಿ ಅದನ್ನು ಮನೆಯ ಗಂಡುಮಕ್ಕಳೇ ಬಾಯಿಪಾಠ ಮಾಡಬೇಕು. ಅಪರಿಚಿತರಿಬ್ಬರು ದಾರಿಯಲ್ಲಿ ಎದುರಾದರೆ ಹೆಸರುಗಳನ್ನು ಹೇಳುತ್ತ ಹೋಗಿ, ಎಲ್ಲೋ ಒಂದು ಕಡೆ ನೆಂಟಸ್ತಿಕೆ ಹುಡುಕಿಕೊಳ್ಳುತ್ತಾರೆ.

ಇದನ್ನೆಲ್ಲ ಹೇಳುವಾಗ ಇನ್ನೊಂದು ಮಾತನ್ನು ಮುಚ್ಚಿಡಬಾರದು. 1956ರ ಸುಧಾರಣೆಯವರೆಗೆ ಈ ಬೆಟ್ಟಗಳಲ್ಲಿ ಗುಲಾಮಗಿರಿ ಇತ್ತು. ಅವರಲ್ಲೂ ಎಲ್ಲರಿಗಿಂತ ಕೆಳಗಿನ ಗುಲಾಮರಿಗೆ ಇದ್ದ ಹೆಸರಿನ ಅರ್ಥ ‘ಒಲೆಯ ಬದಿಯ ಕೈಕಾಲು’. ಯಜಮಾನನ ಒಲೆಯ ಪಕ್ಕದಲ್ಲೇ ದುಡಿದು, ಅಲ್ಲೇ ಮುದುಡಿ ಮಲಗಿದವರು. ಅವರಿಗೆ ಹೇಳಿಕೊಳ್ಳಲು ವಂಶಾವಳಿಯೂ ಉಳಿದಿರಲಿಲ್ಲ. ಶಿಕ್ಷಕರು ಇದನ್ನು ತಗ್ಗಿದ ದನಿಯಲ್ಲಿ, ಬೆಂಕಿಯನ್ನೇ ನೋಡುತ್ತ ಹೇಳಿದರು. ಅದುವರೆಗೆ ನಾನು ಬರಿಯ ಅಕ್ಕರೆಯಿಂದ ನೋಡುತ್ತಿದ್ದ ಆ ಮೂರು ಕಲ್ಲುಗಳು ಒಮ್ಮೆಲೇ ಭಾರವಾದಂತೆ ಅನಿಸಿತು.

ಶಿಕ್ಷಕರ ಅಣ್ಣನ ಸಂಸಾರ ಪಟ್ಟಣದ ಅಪಾರ್ಟ್‌ಮೆಂಟಿಗೆ ಇಳಿದಿದೆ. ಹೀಗೆಯೇ ಇಳಿದುಹೋದ, ಇದೇ ಲಿಯಾಂಗ್‌ಶಾನಿನ ಝಾವೊಜುಯೆ ಕೌಂಟಿಯ ‘ಬಂಡೆಯ ಹಳ್ಳಿ’ಯ ಚಿತ್ರಗಳನ್ನು ನೀವು ನೋಡಿರಬಹುದು. 800 ಮೀಟರ್ ಎತ್ತರದ ಕಡಿದಾದ ಬಂಡೆಗೆ ಕಟ್ಟಿದ ಬಳ್ಳಿಯೇಣಿಗಳನ್ನು ಹಿಡಿದು ಮಕ್ಕಳು ಶಾಲೆಯಿಂದ ಮನೆ ಸೇರುತ್ತಿದ್ದರು. 2016ರಲ್ಲಿ ಆ ಚಿತ್ರಗಳು ಜಗತ್ತನ್ನು ಸುತ್ತಿದ ಮೇಲೆ ಉಕ್ಕಿನ ಏಣಿ ಬಂತು. 2020ರ ಮೇ ತಿಂಗಳಲ್ಲಿ 84 ಕುಟುಂಬಗಳು ಕೆಳಗಿನ ಪಟ್ಟಣಕ್ಕೆ ಹೋದವು. ಹೋದದ್ದು ಒಳ್ಳೆಯದೇ. ನಾವು ನೋಡಿ ಸಂತೋಷಪಡಲೆಂದು ಯಾರ ಮಗುವೂ ಬಂಡೆಗೆ ಜೋತಾಡಬೇಕಿಲ್ಲ. ಆದರೆ ಆ ಹೊಸ ಮನೆಗಳ ಟೈಲ್ಸ್ ನೆಲದ ಮೇಲೆ ಬೆಂಕಿ ಹಾಕುವಂತಿಲ್ಲ.

ನೀವೂ ಇಳಿದು ಹೋಗುವ ದಿನ ಬಂದರೆ ಈ ಕಲ್ಲುಗಳನ್ನು ಏನು ಮಾಡುತ್ತೀರಿ ಎಂದು ಶಿಕ್ಷಕರ ಮೂಲಕ ಅವರ ತಾಯಿಯನ್ನು ಕೇಳಿದೆ. ಅವರು ತುಸು ಹೊತ್ತು ಯೋಚಿಸಿದರು. “ಬೆಂಕಿ ಇಲ್ಲದಿದ್ದರೂ ಸುತ್ತ ಕೂರಲು ಬೇಕಲ್ಲ” ಎಂದರಂತೆ. ಆಮೇಲೆ ಕೆಂಡಗಳನ್ನು ಒಟ್ಟುಗೂಡಿಸಿ, ಮೇಲೆ ಬೂದಿ ಮುಚ್ಚಿ ಮಲಗಲು ಹೋದರು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಒಲೆಯ ಮುಂದೆ ಬಾಗಿ ಕುಳಿತಿದ್ದರು. ಬೂದಿ ಸರಿಸಿದರು, ಒಳಗೆ ಕೆಂಪು ಕಾಣಿಸಿತು. ಒಣಗಿದ ಜೊಂಡು ಇಟ್ಟು ಮೂರು ಬಾರಿ ಊದಿದರು. ಹೊರಡುವಾಗ ಅದೇ ಬೂದಿಯಲ್ಲಿ ಸುಟ್ಟ ನಾಲ್ಕು ಆಲೂಗಡ್ಡೆಗಳನ್ನು ನನ್ನ ಕೋಟಿನ ಎರಡೂ ಜೇಬಿಗೆ ತುಂಬಿದರು. ಬೆಟ್ಟ ಇಳಿದು ರಸ್ತೆ ಮುಟ್ಟುವವರೆಗೂ ಅವು ಬೆಚ್ಚಗಿದ್ದವು.

ನಮಸ್ಕಾರ.